ಓಆರ್‌ಎಸ್ ಅಂದ್ರೆ ಜ್ಯೂಸ್ ಅಲ್ಲ ಕಣ್ರೋ!

1/7
ಮೊದಲು ನನ್ನ ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ, ಇಂಟರ್ನಲ್ಸ್ ಟೈಮು. ಹಾಸ್ಟೆಲಲ್ಲಿ ನನ್ನ ರೂಮ್‌ಮೇಟ್‌ಗೆ ಸಂಜೆಯಿಂದ ವಾಂತಿ, ಭೇದಿ. ಮೆಡಿಕಲ್ ಶಾಪಿಗೆ ಓಡಿಹೋಗಿ "ಅಣ್ಣ, ಓಆರ್‌ಎಸ್ ಕೊಡಿ" ಅಂದೆ. ಫ್ರಿಜ್ಜಿಂದ ತಣ್ಣಗಿನ ಆರೆಂಜ್ ಫ್ಲೇವರ್ ಟೆಟ್ರಾ ಪ್ಯಾಕ್ ತೆಗೆದುಕೊಟ್ಟರು. ಮೇಲೆ ಅದೇ ಅಕ್ಷರಗಳು ದಪ್ಪಗೆ ಇದ್ದವು. ಮೂರು ಪ್ಯಾಕ್ ಕುಡಿಸಿದೆ. ಭೇದಿ ನಿಲ್ಲಲಿಲ್ಲ, ಬೆಳಗಾಗೋ ಹೊತ್ತಿಗೆ ಅವಳಿಗೆ ಎದ್ದು ನಿಲ್ಲೋಕೂ ಆಗ್ಲಿಲ್ಲ. ಆಸ್ಪತ್ರೆ, ಡ್ರಿಪ್ಪು. ಡಾಕ್ಟರ್ ನನ್ನನ್ನ ಕೇಳಿದ್ದು ಒಂದೇ ಮಾತು: "ಪ್ಯಾಕಿನ ಹಿಂದೆ ಏನು ಬರೆದಿದೆ ಓದಿದ್ಯೇನಮ್ಮಾ?"

ಓದಿರಲಿಲ್ಲ. ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಅಲ್ಲ ಅಂತ ಅಲ್ಲೇ ಸಣ್ಣಕ್ಷರದಲ್ಲಿತ್ತು. ಆ ಪ್ಯಾಕಿಂದಲೇ ಅವಳಿಗೆ ಜಾಸ್ತಿಯಾಯ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಆ ರಾತ್ರಿ ಅವಳಿಗೆ ಬೇಕಾಗಿದ್ದದ್ದು ಸಿಗಲಿಲ್ಲ ಅನ್ನೋದು ಮಾತ್ರ ಗ್ಯಾರಂಟಿ.

2/7
ಓಆರ್‌ಎಸ್‌ಗೆ ಅಳತೆ ಇದೆ. 1 ಲೀಟರ್ ನೀರಿಗೆ: ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಅಷ್ಟೇ. ಅಂದ್ರೆ 100 ಮಿಲಿಗೆ ಸಕ್ಕರೆ ಅಂಶ ಒಂದೂವರೆ ಗ್ರಾಂ ಕೂಡ ಇಲ್ಲ. ಈಗ ನಿಮ್ಮ ಕೈಲಿರೋ "ಎಲೆಕ್ಟ್ರೋಲೈಟ್ ಡ್ರಿಂಕ್" ತಿರುಗಿಸಿ, 100 ಮಿಲಿಗೆ ಸಕ್ಕರೆ ಎಷ್ಟಿದೆ ನೋಡಿ. ಲೆಕ್ಕ ನೀವೇ ಹಾಕಿ.

3/7
"ಸಕ್ಕರೆ ಸ್ವಲ್ಪ ಜಾಸ್ತಿ ಇದ್ರೆ ಏನಾಯ್ತು, ಶಕ್ತಿ ಬರುತ್ತಲ್ಲ?" ಅಂತೀರಾ? ಕೇಳಿ. ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ. ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಒಳಗೆ ಬಿಡುತ್ತೆ, ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತೆ. ಭೇದಿ ಆಗ್ತಿದ್ದರೂ ಈ ಬಾಗಿಲು ಕೆಲಸ ಮಾಡ್ತಾನೇ ಇರುತ್ತೆ. ಓಆರ್‌ಎಸ್‌ನ ಗುಟ್ಟೇ ಅದು. ಆದರೆ ಸಕ್ಕರೆ ಅತಿಯಾಗಿ, ಉಪ್ಪು ಕಮ್ಮಿಯಾದ್ರೆ? ಒಳಗೆ ಹೋಗಲಾಗದ ಸಕ್ಕರೆ ಕರುಳಲ್ಲೇ ಕೂತು ಮೈಯಲ್ಲಿರೋ ನೀರನ್ನೇ ತನ್ನ ಕಡೆ ಎಳ್ಕೊಳ್ಳುತ್ತೆ. ನೀರು ತುಂಬಿಸೋಕೆ ಹೋಗಿ ಇದ್ದದ್ದನ್ನೂ ಖಾಲಿ ಮಾಡಿದ ಹಾಗೆ.

4/7
ಈ ಪುಡಿಯ ಹಿಂದೆ ಎಂಥಾ ಕಥೆ ಇದೆ ಗೊತ್ತಾ? 1971. ಬಾಂಗ್ಲಾ ಯುದ್ಧ. ಪಶ್ಚಿಮ ಬಂಗಾಳದ ಗಡಿ ಊರು ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ. ಡ್ರಿಪ್ ಬಾಟಲಿಗಳು ಸಾಲುತ್ತಿಲ್ಲ. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಅಳೆದು ನೀರಿಗೆ ಬೆರೆಸಿ, ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡದ್ದು 2022ರಲ್ಲಿ, ಪದ್ಮವಿಭೂಷಣ ಬಂದದ್ದು 2023ರಲ್ಲಿ. ಇಷ್ಟು ಜೀವ ಉಳಿಸಿದ ಹೆಸರನ್ನ ಸಿಹಿ ನೀರಿನ ಮೇಲೆ ಅಂಟಿಸಿ ಮಾರಿದ್ದಾರಲ್ಲ, ನನ್ನ ಸಿಟ್ಟು ಅದಕ್ಕೆ.

5/7
ಇದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ), ಇಂಥ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಅನ್ನೋ ಪದ ಬಳಸೋ ಹಾಗಿಲ್ಲ ಅಂತ ಆದೇಶ ಮಾಡಿತು. ಸಂತೋಷ. ಆದರೆ ಆದೇಶ ಬದಲಾಯಿಸೋದು ಲೇಬಲ್ಲನ್ನ. "ಆ ಫ್ರಿಜ್‌ದೇ ಕೊಡಿ ಅಣ್ಣ" ಅನ್ನೋ ನಮ್ಮ ಅಭ್ಯಾಸ ಬದಲಾಯಿಸೋರು ಯಾರು?

6/7
ಇನ್ನು ಇನ್ನೊಂದು ಹುಚ್ಚು. ಅರ್ಧ ಗಂಟೆ ಜಿಮ್ಮು, ಆಮೇಲೆ ಎಲೆಕ್ಟ್ರೋಲೈಟ್ ಸ್ಯಾಚೆಟ್ಟಿನ ಸ್ಟೋರಿ. ಗುರು, ನೀನು ಬೆವರಿದ್ದಕ್ಕೆ ನೀರು, ಊಟ ಸಾಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದ್ರೆ ಒಂದು ಟೀ ಚಮಚಕ್ಕಿಂತ ಕಮ್ಮಿ ತಿನ್ನಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಉಪ್ಪಿನಕಾಯಿ, ಚಿಪ್ಸು, ನೂಡಲ್ಸಲ್ಲೇ ಆ ಲೆಕ್ಕ ದಾಟಿ ಹೋಗಿರುತ್ತೆ. ಬಿಸಿಲಲ್ಲಿ ಗಂಟೆಗಟ್ಟಲೆ ದುಡಿಯೋರು, ಓಡೋರ ವಿಷಯ ಬೇರೆ. ಅವರು ಬರೀ ನೀರನ್ನೇ ವಿಪರೀತ ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ ಆಗಬಹುದು. ಅದಕ್ಕೇ ಅಲ್ವಾ ನಮ್ಮಜ್ಜಿಯರು ಹೊಲಕ್ಕೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಕಳಿಸ್ತಿದ್ದದ್ದು? ಎಳನೀರು ಒಳ್ಳೇದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಜೋರು ಭೇದಿಗೆ ಅದು ಓಆರ್‌ಎಸ್ ಜಾಗ ತುಂಬಲ್ಲ.

7/7
ಈಗ ಕೆಲಸಕ್ಕೆ ಬನ್ನಿ. ಸೂತ್ರ ಮುದ್ರಿಸಿರೋ ಪುಡಿ ಪ್ಯಾಕೆಟ್ ಎರಡು ತಂದು ರೂಮಲ್ಲಿಡಿ. ಒಂದು ಮಸಾಲೆ ದೋಸೆಗಿಂತ ಅಗ್ಗ. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ನೀರಿಗೆ ಇಡೀ ಪ್ಯಾಕೆಟ್ ಹಾಕಿ. ಅರ್ಧ ಪ್ಯಾಕೆಟ್, ಅಂದಾಜು ನೀರು, ಮೇಲೊಂದು ಚಮಚ ಸಕ್ಕರೆ, ಇವೆಲ್ಲ ಬೇಡ. ಗುಟುಕು ಗುಟುಕಾಗಿ ಕುಡಿಸಿ, 24 ಗಂಟೆ ಆದ್ಮೇಲೆ ಉಳಿದದ್ದು ಚೆಲ್ಲಿ. ಪ್ಯಾಕೆಟ್ ಸಿಗಲಿಲ್ವಾ? ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕುಡಿದದ್ದೆಲ್ಲ ವಾಂತಿ ಆದ್ರೆ, ಮೂತ್ರ ನಿಂತ್ರೆ, ಮಂಪರು ಬಂದ್ರೆ, ಭೇದಿಯಲ್ಲಿ ರಕ್ತ ಕಂಡ್ರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಕಿಡ್ನಿ, ಹೃದಯದ ತೊಂದರೆ ಇರೋರು ಡಾಕ್ಟರನ್ನ ಕೇಳಿಯೇ ಕುಡೀರಿ.

ಇವತ್ತು ಅಂಗಡಿಗೆ ಹೋದಾಗ ಒಂದು ಪ್ಯಾಕ್ ತಿರುಗಿಸಿ ಓದಿ. 100 ಮಿಲಿಗೆ ಸಕ್ಕರೆ ಎಷ್ಟಿತ್ತು ಅಂತ ಕಾಮೆಂಟಲ್ಲಿ ಬರೀರಿ. ಲೈಕ್ ಬೇಡ, ನಿಮ್ಮ ಹಾಸ್ಟೆಲ್ ಗ್ರೂಪಿಗೆ ಕಳಿಸಿ. ಆ ರಾತ್ರಿ ನನಗೆ ಯಾರೂ ಹೇಳಿರಲಿಲ್ಲ. ನಿಮಗೆ ನಾನು ಹೇಳಿದ್ದೀನಿ.

#ಹಿಂದೆತಿರುಗಿಸಿಓದಿ #ಓಆರ್‌ಎಸ್ #ಉಪ್ಪುನೀರುಲೆಕ್ಕ #ಹಾಸ್ಟೆಲ್‌ಲೈಫ್