ಮೀನಿಗೆ ‘ರಕ್ತದ ಪುಡಿ’ ಮಾರುವವರಿಗೆ ಮೂರು ಪ್ರಶ್ನೆ

ಅರಿಶಿನ ಬೆಳೆಯುವ ಸೀಮೆಗೆ ಅರಿಶಿನವನ್ನೇ ಪ್ಯಾಕೆಟ್ ಮಾಡಿ ತಂದು, ‘ಇದನ್ನು ಮೇವಿಗೆ ಬೆರೆಸಿ, ಮೀನಿಗೆ ರಕ್ತ ಹೆಚ್ಚುತ್ತೆ’ ಎಂದರೆ ನಂಬಿಬಿಡಬೇಕೆ? ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಕೆರೆ ಗುತ್ತಿಗೆ ಹಿಡಿದವರು, ಕೃಷಿಹೊಂಡದಲ್ಲಿ ಕಟ್ಲಾ, ರೋಹು, ಗೆಂಡೆ ಬಿಟ್ಟವರು ದುಡ್ಡು ಬಿಚ್ಚುವ ಮೊದಲು ಮೂರು ಪ್ರಶ್ನೆ ಕೇಳಲೇಬೇಕು.

ಒಂದು: ಇದರಲ್ಲಿ ಏನಿದೆ, ಎಷ್ಟಿದೆ?

ಗಿಡಮೂಲಿಕೆಯೇ ಮೋಸ ಅಂತ ನಾವು ಹೇಳುತ್ತಿಲ್ಲ. ಬೆಳ್ಳುಳ್ಳಿ, ಅರಿಶಿನ ಬೆರೆಸಿದ ಮೇವು ತಿಂದ ಮೀನಿನಲ್ಲಿ ಹಿಮೋಗ್ಲೋಬಿನ್, ರಕ್ತಕಣ ಹೆಚ್ಚಿದ್ದನ್ನು ಹಲವು ಪ್ರಯೋಗಗಳು ತೋರಿಸಿವೆ. ಆದರೆ ಅವು ಹೆಚ್ಚಾಗಿ ತೊಟ್ಟಿಯಲ್ಲಿ, ಗ್ರಾಂ ಲೆಕ್ಕದಲ್ಲಿ ತೂಗಿ, ಕೆಲವೇ ವಾರ ನಡೆಸಿದ ಪ್ರಯೋಗಗಳು. ಪ್ರಮಾಣ ಮೀರಿದರೆ ಮೂಲಿಕೆಯೂ ಕೆಡುಕೇ. ಬೇವಿನ ರಸ ಹೆಚ್ಚಾದರೆ ಮೀನಿಗೆ ವಿಷ. ‘ಗಿಡದ್ದು, ಏನೂ ಆಗಲ್ಲ’ ಎನ್ನುವ ಮಾತನ್ನು ಒಪ್ಪಬೇಡಿ.

ಎರಡು: ರಕ್ತ ಹೆಚ್ಚಿದ್ದನ್ನು ಅಳೆದವರು ಯಾರು?

ಮೀನಿನ ಬಾಲದ ಬುಡದಿಂದ ಸಿರಿಂಜಿನಲ್ಲಿ ರಕ್ತ ತೆಗೆದು ನೋಡಬೇಕು. ಮನುಷ್ಯರ ರಕ್ತ ಎಣಿಸುವ ಯಂತ್ರಕ್ಕೆ ಹಾಕಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಕೆಂಪು ರಕ್ತಕಣದಲ್ಲಿ ಇಲ್ಲದ ಕೋಶಕೇಂದ್ರ ಮೀನಿನ ರಕ್ತಕಣದಲ್ಲಿ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕೈಯಾರೆ ಎಣಿಸಬೇಕು. ಪುಡಿ ಹಾಕಿದ ಹೊಂಡ, ಹಾಕದ ಹೊಂಡ, ಎರಡರ ಲೆಕ್ಕವನ್ನೂ ತೋರಿಸಲಿ. ತೋರಿಸದಿದ್ದರೆ ಅದು ಬರೀ ಬಾಯಿಮಾತು.

ಮೂರು: ನೀರು ನೋಡಿದಿರಾ?

ಇದೇ ಮುಖ್ಯ. ಮರಿ ಕಿಕ್ಕಿರಿದಿದ್ದು, ಹಿಂಡಿ–ತೌಡು ಅತಿಯಾಗಿ ತಳದಲ್ಲಿ ಕೊಳೆತರೆ ನೀರಿನಲ್ಲಿ ನೈಟ್ರೈಟ್ ಏರಬಹುದು. ಅದು ಕಿವಿರಿನ ಮೂಲಕ ರಕ್ತ ಸೇರಿ ಹಿಮೋಗ್ಲೋಬಿನ್ನನ್ನೇ ಕೆಡಿಸುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮ್ಲಜನಕ ಹೊರಲಾರದು. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಕಿವಿರು ಕೆಂಪಿನ ಬದಲು ಕಂದಾಗಿದ್ದರೆ ಪುಡಿಯ ಅಂಗಡಿಗೆ ಓಡಬೇಡಿ. ಮೇವು ನಿಲ್ಲಿಸಿ, ಹೊಸ ನೀರು ಬಿಡಿ, ಪಂಪಿನಿಂದ ನೀರು ಚಿಮ್ಮಿಸಿ. ನೈಟ್ರೈಟ್ ಎಂದು ಪರೀಕ್ಷೆಯಲ್ಲಿ ಖಚಿತವಾದರೆ ಹೊಂಡಕ್ಕೆ ಅಡುಗೆ ಉಪ್ಪೇ ಮದ್ದು. ಎಷ್ಟು ಹಾಕಬೇಕೆಂದು ಮೀನುಗಾರಿಕೆ ಅಧಿಕಾರಿಯನ್ನು ಕೇಳಿ. ಗದ್ದೆಗೆ ಹರಿಯುವ ಕೆರೆಗೆ ಮಾತ್ರ ಉಪ್ಪು ಸುರಿಯಬೇಡಿ.

ಇಲಾಖೆಗೂ ಒಂದು ಮಾತು. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಶುರುವಾಗಿದ್ದು 1969ರಲ್ಲಿ. ಅಲ್ಲಿ ಕಲಿಸುವ ವಿದ್ಯೆ ಗುಂಡಾಲ್ ಜಲಾಶಯದ ದಡಕ್ಕೆ, ಉಡುತೊರೆಹಳ್ಳಕ್ಕೆ, ಸುವರ್ಣಾವತಿ ಬಯಲಿಗೆ ಬರುವುದು ಯಾವಾಗ? ತಾಲ್ಲೂಕು ಕಚೇರಿಯಲ್ಲೇ ನೀರು ಪರೀಕ್ಷೆ ಆಗಲಿ. ನಮ್ಮ ಅರಿಶಿನವನ್ನು ನಮ್ಮ ಹೊಂಡದಲ್ಲೇ ಪ್ರಯೋಗ ಮಾಡಿ, ಫಲಿತಾಂಶವನ್ನು ಕನ್ನಡದಲ್ಲಿ ಕೊಡಲಿ. ಗುಣವಿದ್ದರೆ ರೈತರೇ ಅರೆದು ಬೆರೆಸಿಕೊಳ್ಳುತ್ತಾರೆ.

ಅಲ್ಲಿಯವರೆಗೆ ಪುಡಿ ಹಿಡಿದು ಬಂದವರಿಗೆ ಹೇಳಿ: ಮೂರೂ ಉತ್ತರ ಬರೆದು, ಸಹಿ ಹಾಕಿ ಕೊಡಿ. ಕೊಡದಿದ್ದರೆ ಆ ದುಡ್ಡಿನಲ್ಲಿ ನೀರು ಪರೀಕ್ಷಿಸುವ ಕಿಟ್ ತನ್ನಿ.