ತಲೆ ತಗ್ಗಿಸಿದವನಿಗೆ ಸೊಕ್ಕಿನ ಪಟ್ಟ

ನಮ್ಮ ಯಾದಗಿರಿ ಜಿಲ್ಲೆಯ ಒಂದು ಡಿಗ್ರಿ ಕಾಲೇಜು. ಹೆಸರು ಬೇಡ, ಹೆಸರು ಬದಲಾದರೂ ಕಥೆ ಬದಲಾಗುವುದಿಲ್ಲ. ಇತಿಹಾಸದ ತರಗತಿಯಲ್ಲಿ ಉಪನ್ಯಾಸಕರು ನೋಟ್ಸ್ ಬರೆಸುತ್ತಿದ್ದರು. ರಾಜಾ ವೆಂಕಟಪ್ಪ ನಾಯಕನಿಗೂ ಬ್ರಿಟಿಷರಿಗೂ ಸುರಪುರದಲ್ಲಿ ಕಾಳಗ ನಡೆದದ್ದು 1857ರಲ್ಲಿ ಎಂದರು. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಲ್ಲದೆ, ಕೈ ಎತ್ತದೆ, ನೋಟ್‌ಬುಕ್ಕಿನಿಂದ ಕಣ್ಣು ಕೂಡ ಎತ್ತದೆ, 'ತಪ್ಪು. 1858, ಫೆಬ್ರವರಿ' ಎಂದ. ಹುಡುಗ ಸುರಪುರದವನು. ಹೇಳಿದ್ದೂ ಸರಿಯಾಗಿತ್ತು. ಆದರೂ ತರಗತಿಯಿಂದ ಹೊರಗೆ ಹೋಗಬೇಕಾದವನು ಅವನೇ.

ಮರುದಿನ ಅವನ ತಂದೆಗೆ ಕರೆ ಬಂತು. ಕಥೆ ಬರೆಯುವವನಿಗೆ ಮಾತಾಡಲೂ ಬರುತ್ತದೆ ಎಂದು ನಂಬಿದ ಆ ತಂದೆ ನನ್ನನ್ನೂ ಕರೆದೊಯ್ದರು. 'ನಿಮ್ಮ ಹುಡುಗಗ ಸೊಕ್ಕು ಭಾಳ ಅದ. ಮಾತಾಡ್ಸಿದ್ರ ಮುಖ ನೋಡಂಗಿಲ್ಲ' ಎಂದರು ಉಪನ್ಯಾಸಕರು. ತಂದೆ ಮೆಲ್ಲಗೆ ಹೇಳಿದರು: 'ಸಾಬ್, ಅವ ನನ್ನ ಮುಖಾನೂ ನೋಡಂಗಿಲ್ಲ. ಹುಟ್ಟಿದಾಗಿಂದ ಹಿಂಗೇ ಇದ್ದಾನ.'

ಆ ಮನೆಯ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಮಡಚಿಟ್ಟ ಒಂದು ಚೀಟಿ ಇದೆ. 2012ರಲ್ಲಿ ಹೈದರಾಬಾದಿನ ವೈದ್ಯರೊಬ್ಬರು ಅದರಲ್ಲಿ 'ಆಸ್ಪರ್ಜರ್ ಸಿಂಡ್ರೋಮ್' ಎಂದು ಬರೆದಿದ್ದರು. ಅದೇನೆಂದು ಮನೆಯವರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ತಂಗಿಯ ಮದುವೆಗೆ ಅಡ್ಡಿಯಾದೀತೆಂದು ಅವರೂ ಯಾರಿಗೂ ತೋರಿಸಲಿಲ್ಲ.

ಇದು ಆಟಿಸಂನ ಒಂದು ಬಗೆ. ಮಾತು ಬರುತ್ತದೆ, ಬುದ್ಧಿಗೆ ಕೊರತೆಯಿಲ್ಲ. ಆದರೆ ಎದುರಿನವರ ಇಂಗಿತ, ವ್ಯಂಗ್ಯ, ಮುಖಭಾವ ಸುಲಭವಾಗಿ ತಿಳಿಯುವುದಿಲ್ಲ. ಗದ್ದಲ, ಕಣ್ಣು ಕುಕ್ಕುವ ಬೆಳಕು, ಜನಜಂಗುಳಿ ಸಹಿಸುವುದು ಕಷ್ಟ. ದಿನಚರಿ ತಪ್ಪಿದರೆ ದಿಗಿಲಾಗುತ್ತದೆ. ಇದು ಹುಟ್ಟಿನಿಂದ ಬಂದ ಮಿದುಳಿನ ರೀತಿ. ತಾಯಿ-ತಂದೆಯ ಸಾಕಣೆಯ ತಪ್ಪಲ್ಲ, ಮದುವೆ ಮಾಡಿದರೆ ಸರಿಹೋಗುವುದೂ ಇಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯೂ, 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ವರ್ಗೀಕರಣವೂ 'ಆಸ್ಪರ್ಜರ್' ಎಂಬ ಪ್ರತ್ಯೇಕ ಹೆಸರನ್ನು ಕೈಬಿಟ್ಟವು. ಈಗ ಎಲ್ಲಕ್ಕೂ ಒಂದೇ ಹೆಸರು: ಆಟಿಸಂ ಸ್ಪೆಕ್ಟ್ರಂ.

ನಮ್ಮವರಿಗೆ ಈ ಶಬ್ದ ತೀರ ಹೊಸದೇನಲ್ಲ. 2010ರಲ್ಲಿ ಬಂದ 'ಮೈ ನೇಮ್ ಈಸ್ ಖಾನ್' ಚಿತ್ರದ ನಾಯಕನಿಗಿದ್ದದ್ದು ಇದೇ. ಶಾರುಖ್ ಖಾನ್ ಕಣ್ಣು ತಪ್ಪಿಸಿ ಮಾತಾಡಿದಾಗ ಕಣ್ಣೀರಿಟ್ಟವರು ನಾವು. ಪಕ್ಕದ ಮನೆಯ ಹುಡುಗ ಹಾಗೆ ಮಾಡಿದರೆ ಅವನು ಬದ್ತಮೀಜ್!

ಈ ಕಣ್ಣಿನ ವಿಚಾರವನ್ನೇ ನೋಡಿ. ನಾನು ಉರ್ದು ಶಾಲೆಯಲ್ಲಿ ಓದುವಾಗ ಉಸ್ತಾದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಬೆತ್ತ ಬೀಳುತ್ತಿತ್ತು. 'ನಿಗಾಹ್ ನೀಚಿ' ಎಂಬುದೇ ಅದಬಿನ ಮೊದಲ ಪಾಠ. ಮುಂದೆ ಕನ್ನಡ ಶಾಲೆಗೆ ಬಂದಾಗ ಅಲ್ಲಿಯೂ ತಲೆ ತಗ್ಗಿಸಿ ನಿಲ್ಲುವುದೇ ಗುರುಭಕ್ತಿಯ ಲಕ್ಷಣವಾಗಿತ್ತು. ಈಗ ಅದೇ ಊರುಗಳ ಕಾಲೇಜುಗಳಲ್ಲಿ 'ವ್ಯಕ್ತಿತ್ವ ವಿಕಸನ'ದ ತರಬೇತಿ ನಡೆಯುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡದವನಿಗೆ ಆತ್ಮವಿಶ್ವಾಸವಿಲ್ಲ ಎಂದು ಕಲಿಸುತ್ತಾರೆ. ಒಂದೇ ತಲೆಮಾರಿನಲ್ಲಿ ಅದಬು ತಿರುವುಮುರುವಾಯಿತು. ಇಷ್ಟು ಬೇಗ ಬದಲಾಗುವ ಒಂದು ರಿವಾಜಿನ ಮೇಲೆ ಒಬ್ಬ ಹುಡುಗನ ವಿದ್ಯೆಯ ಭವಿಷ್ಯ ನಿಲ್ಲಬೇಕೆ?

ನಮ್ಮ ದೇಶದಲ್ಲಿ ಆಟಿಸಂ ಅಳೆಯಲು ಐ.ಎಸ್.ಎ.ಎ. ಎಂಬ ಅಳತೆಗೋಲಿದೆ. ಅದರಲ್ಲಿ 40 ಅಂಶಗಳಿವೆ. ಮೊದಲನೆಯದೇ, ಈ ವ್ಯಕ್ತಿ ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಾನೋ ಇಲ್ಲವೋ ಎಂಬುದು. ಅಂದರೆ ವೈದ್ಯರು ಲಕ್ಷಣವೆಂದು ಬರೆದುಕೊಳ್ಳುವುದನ್ನೇ ನಾವು ಅಪರಾಧವೆಂದು ಬರೆದುಕೊಳ್ಳುತ್ತಿದ್ದೇವೆ. ಕುಂಟುವವನನ್ನು 'ನೆಟ್ಟಗೆ ನಡಿ' ಎಂದು ತರಗತಿಯಿಂದ ಹೊರಗೆ ಹಾಕುವ ಮೇಷ್ಟ್ರು ಇಂದು ಯಾರೂ ಇರಲಾರರು. ಇವನನ್ನು ಮಾತ್ರ ನಾಚಿಕೆಯಿಲ್ಲದೆ ಹೊರಗೆ ಹಾಕುತ್ತೇವೆ, ಏಕೆಂದರೆ ಇವನ ಕುಂಟು ಕಣ್ಣಿಗೆ ಕಾಣುವುದಿಲ್ಲ.

ಕಾನೂನಿಗೆ ಅದು ಕಂಡಿದೆ, ತಡವಾಗಿಯಾದರೂ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಹೊಸ ಕಾಯಿದೆ ಪಟ್ಟಿಯನ್ನು 21ಕ್ಕೆ ಏರಿಸಿ ಅದನ್ನು ಸೇರಿಸಿತು. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ, ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವವರಿಗೆ ಕನಿಷ್ಠ ಶೇ. 5 ಸೀಟು ಮೀಸಲಿಡಬೇಕೆಂದಿತು. 2018ರ ಕೇಂದ್ರದ ಮಾರ್ಗಸೂಚಿಯಂತೆ ಮೂರು ಗಂಟೆಯ ಪರೀಕ್ಷೆಗೆ ಅಂಥವರಿಗೆ ಒಂದು ಗಂಟೆ ಹೆಚ್ಚುವರಿ ಸಮಯ ಕೊಡಬಹುದು. ಶೇ. 40ರ ಗೆರೆಯ ಕೆಳಗಿರುವವರಿಗೂ ತಕ್ಕ ಅನುಕೂಲ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಸರಕಾರಿ ಕಚೇರಿ, ಕಾಲೇಜುಗಳಲ್ಲಿ ಇಂಥವರ ಅಹವಾಲು ಕೇಳಲು ಒಬ್ಬ ಅಧಿಕಾರಿ ಇರಬೇಕೆಂಬುದೂ ಕಾಯಿದೆಯಲ್ಲೇ ಇದೆ. ನಾವು ಹೋದ ಕಾಲೇಜಿನಲ್ಲಿ ಆ ಅಧಿಕಾರಿ ಯಾರೆಂದು ಕೇಳಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆಲ್ಲ ಕಣ್ಣಿಗೆ ಕಣ್ಣು ಕೊಡುವುದು ಚೆನ್ನಾಗಿ ಬರುತ್ತಿತ್ತು.

'ಇಲ್ಲಿ ಪಾಠ ಮಾಡೋರೇ ಸಾಕಷ್ಟಿಲ್ಲ, ಇದೆಲ್ಲ ಬೆಂಗಳೂರಿನವರ ಚೋಚ್ಲೆ' ಎಂದರು ಒಬ್ಬರು. ಮಾತು ಪೂರ್ತಿ ಸುಳ್ಳಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.8, ಇಡೀ ರಾಜ್ಯದಲ್ಲೇ ಕಡಿಮೆ. ಹಾಗಾದರೆ ಅಕ್ಷರಕ್ಕೆ ಇಷ್ಟು ಬರಗಾಲವಿರುವ ಜಿಲ್ಲೆಯಲ್ಲಿ, ಪಿಯುಸಿ ದಾಟಿ ಡಿಗ್ರಿಯ ಬಾಗಿಲಿಗೆ ಬಂದ ಒಬ್ಬ ಹುಡುಗನನ್ನು ಕಳೆದುಕೊಳ್ಳುವ ಶ್ರೀಮಂತಿಕೆ ನಮಗೆ ಎಲ್ಲಿಂದ ಬಂತು? ಅವನಿಗೆ ಬೇಕಾದದ್ದಕ್ಕೆ ರೊಕ್ಕವೂ ಬೇಡ. ವೇಳಾಪಟ್ಟಿ ಬದಲಾದರೆ ಹಿಂದಿನ ದಿನವೇ ಬರೆದು ತಿಳಿಸಿ. ಗೋಡೆ ಪಕ್ಕದ ಒಂದೇ ಜಾಗ ಅವನಿಗೆ ಬಿಡಿ. ಅರವತ್ತು ಜನರ ಎದುರು ಸೆಮಿನಾರು ಬೇಡ, ಅದನ್ನೇ ಬರೆದುಕೊಡಲಿ. ಮಾತನ್ನು ನೇರವಾಗಿ ಹೇಳಿ, ಕೊಂಕು ನುಡಿಯಬೇಡಿ. ಗದ್ದಲ ಹೆಚ್ಚಾದಾಗ ಐದು ನಿಮಿಷ ಹೊರಗೆ ಹೋಗಿಬರಲು ಬಿಡಿ. ಇಷ್ಟಕ್ಕೆ ಯಾವ ಅನುದಾನ ಬರಬೇಕು?

'ನಾಳೆ ಎಲ್ಲರೂ ಸರ್ಟಿಫಿಕೇಟ್ ಹಿಡಿದು ಬರುತ್ತಾರೆ' ಎಂಬುದು ಇನ್ನೊಂದು ಆಕ್ಷೇಪ. ಸರ್ಟಿಫಿಕೇಟ್ ಪಡೆಯಲು ಈ ತಂದೆ ಎಷ್ಟು ದಿನದ ಕೂಲಿ ಕಳೆದುಕೊಂಡು ಎಷ್ಟು ಬಾಗಿಲು ಅಲೆದರೆಂದು ಬಲ್ಲವರು ಈ ಮಾತು ಆಡಲಾರರು. ಹತ್ತು ಇಂಟರ್ನಲ್ ಮಾರ್ಕ್ಸಿಗಾಗಿ ಯಾರೂ ಮಗನಿಗೆ ಇಂಥ ಹಣೆಪಟ್ಟಿ ಕಟ್ಟಿಸಿಕೊಳ್ಳುವುದಿಲ್ಲ.

ನಿಜವಾದ ಪೆಟ್ಟು ಬೀಳುವುದು ಈ ಇಂಟರ್ನಲ್ ಮಾರ್ಕ್ಸಿನಲ್ಲೇ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಉತ್ತರಪತ್ರಿಕೆ ತಿದ್ದುವವರಿಗೆ ಹುಡುಗನ ಮುಖ ಕಾಣುವುದಿಲ್ಲ. ಅಲ್ಲಿ ಅವನು ಹೇಗೋ ಪಾರಾಗುತ್ತಾನೆ. ಕಾಲೇಜಿನೊಳಗಿನ ಅಂಕದಲ್ಲಿ ಸೆಮಿನಾರು, ಗುಂಪು ಚಟುವಟಿಕೆ, ಮೌಖಿಕ ಪ್ರಶ್ನೆ, 'ನಡವಳಿಕೆ' ಎಲ್ಲ ಸೇರಿಕೊಂಡಿವೆ. ಅಲ್ಲಿ ತಾಲೀಮಿನ ಹೆಸರಿನಲ್ಲಿ ಪರೀಕ್ಷೆಯಾಗುವುದು ತಮೀಜು.

ಹೆಣ್ಣುಮಕ್ಕಳ ಕಥೆ ಇನ್ನೂ ಕಷ್ಟ. ಹುಡುಗಿ ಮಾತಾಡದಿದ್ದರೆ, ಕಣ್ಣೆತ್ತಿ ನೋಡದಿದ್ದರೆ, ಗೆಳತಿಯರಿಲ್ಲದೆ ಮೂಲೆಯಲ್ಲಿ ಕೂತರೆ ನಾವು ಕೊಡುವ ಬಿರುದು 'ಶರೀಫ್ ಲಡ್ಕಿ'. ಅವಳ ಸಂಕಟವೇ ನಮ್ಮ ಹೊಗಳಿಕೆಗೆ ವಸ್ತು. ಆಟಿಸಂ ಹೆಣ್ಣುಮಕ್ಕಳಲ್ಲಿ ತಡವಾಗಿ ಪತ್ತೆಯಾಗುತ್ತದೆ, ಎಷ್ಟೋ ಸಲ ಪತ್ತೆಯೇ ಆಗುವುದಿಲ್ಲ ಎಂಬುದನ್ನು ತಜ್ಞರು ಹೇಳುತ್ತಲೇ ಇದ್ದಾರೆ. ಅವಳು ಬಸ್ಸಿನ ನೂಕುನುಗ್ಗಲು ತಾಳಲಾರದೆ ಕಾಲೇಜು ಬಿಟ್ಟರೆ ಯಾರೂ ಕಾರಣ ಕೇಳುವುದಿಲ್ಲ. ವರ ನೋಡುತ್ತಾರೆ.

ಇನ್ನೊಂದು ಬಗೆಯ ಹಿತೈಷಿಗಳಿದ್ದಾರೆ. 'ಇಂಥವರು ಮಹಾ ಜೀನಿಯಸ್ ಇರ್ತಾರಂತ್ರೀ' ಎನ್ನುತ್ತಾರೆ. ಈ ಮೆಚ್ಚುಗೆಗೂ ನಾನು ಅಂಜುತ್ತೇನೆ. ಹಾನ್ಸ್ ಆಸ್ಪರ್ಜರ್ ಎಂಬ ವೈದ್ಯ 1944ರಲ್ಲಿ ವಿಯೆನ್ನಾದಲ್ಲಿ ಇಂಥ ಮಕ್ಕಳ ಬಗ್ಗೆ ಬರೆದ. ಅವರ ಪ್ರತಿಭೆಯನ್ನು ಹೊಗಳಿದ. ಆ ಮಕ್ಕಳನ್ನು ನಾತ್ಸಿಗಳಿಂದ ಕಾಪಾಡಿದವನೆಂದೇ ಬಹುಕಾಲ ಅವನ ಹೆಸರಿತ್ತು. 2018ರಲ್ಲಿ ಇತಿಹಾಸಕಾರ ಹೆರ್ವಿಗ್ ಚೆಕ್ ಹಳೆಯ ದಾಖಲೆಗಳನ್ನು ತೆರೆದರು. 'ಉಪಯೋಗಕ್ಕೆ ಬಾರದ' ಮಕ್ಕಳನ್ನು ಕೊಲ್ಲುತ್ತಿದ್ದ 'ಆಮ್ ಸ್ಪೀಗೆಲ್‌ಗ್ರುಂಡ್' ಎಂಬ ಸಂಸ್ಥೆಗೆ ಇದೇ ವೈದ್ಯ ಮಕ್ಕಳನ್ನು ಕಳಿಸಿದ್ದ ಎಂಬುದು ಹೊರಬಂತು. ಉಪಯುಕ್ತರು, ನಿರುಪಯುಕ್ತರು ಎಂದು ಮಕ್ಕಳನ್ನು ಬೇರ್ಪಡಿಸುವ ದಾರಿ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಮ್ಮ ಹುಡುಗ ಜೀನಿಯಸ್ ಅಲ್ಲ. ಇತಿಹಾಸ ಇಷ್ಟ, ಇಂಗ್ಲಿಷ್ ಕಷ್ಟ. ಅವನಿಗೂ ಎಲ್ಲರಂತೆ ನಲವತ್ತೈದು ಅಂಕ ಪಡೆದು ಪಾಸಾಗುವ ಹಕ್ಕಿದೆ. ಕಾಲೇಜಿನಲ್ಲಿ ಜಾಗ ಸಿಗಬೇಕಾದರೆ ಅವನೇಕೆ ಪವಾಡ ತೋರಿಸಬೇಕು?

ತಪ್ಪು ಕಾಲೇಜಿನದೊಂದೇ ಅಲ್ಲ. ಚೀಟಿಯನ್ನು ಟ್ರಂಕಿನಲ್ಲಿಟ್ಟವರು ನಾವು. ಅಂಗವೈಕಲ್ಯ ಹುಡುಗಿಯ ಸಂಬಂಧ ಕೆಡಿಸುತ್ತದೆಂದು ಆ ಮನೆಯವರನ್ನು ಹೆದರಿಸಿದ ನೆರೆಹೊರೆಯವರೂ ನಾವೇ. ಮನೆಯವರು ಮುಚ್ಚಿಟ್ಟದ್ದು ಕಾಲೇಜಿಗೆ ತಿಳಿಯುವುದು ಹೇಗೆ ಎಂದು ಉಪನ್ಯಾಸಕರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂದೇ ಆ ಚೀಟಿಯ ನಕಲು ತೆಗೆಸಿ, ಅರ್ಜಿ ಬರೆದು, ಪ್ರಾಚಾರ್ಯರ ಕೈಗೆ ಕೊಟ್ಟು ಸ್ವೀಕೃತಿಯ ಸಹಿ ಪಡೆದೆವು. ಶಹಾಪುರ, ಸುರಪುರ, ಯಾದಗಿರಿಯ ಯಾವ ಮನೆಯ ಟ್ರಂಕಿನಲ್ಲಿ ಇಂಥ ಚೀಟಿಯಿದೆಯೋ ಅವರೂ ಹೊರತೆಗೆಯಲಿ. ಒಬ್ಬ ಹುಡುಗ ಬಂದರೆ ಸೊಕ್ಕು ಎನ್ನುತ್ತಾರೆ. ಹತ್ತು ಜನ ಬಂದರೆ ಕಾನೂನಿನ ಪುಸ್ತಕ ಹುಡುಕುತ್ತಾರೆ.

ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಹುಡುಗನ ಹಾಜರಿ ಶೇ. 75ಕ್ಕಿಂತ ಕೆಳಗಿಳಿದಿದೆ, ಪರೀಕ್ಷೆಗೆ ಕೂರಿಸುತ್ತಾರೋ ಇಲ್ಲವೋ ತಿಳಿಯದು. ಮೊನ್ನೆ ಅವನ ಸಹಪಾಠಿಯೊಬ್ಬನ ನೋಟ್‌ಬುಕ್ ತೆರೆದು ನೋಡಿದೆ. ಸುರಪುರದ ಕಾಳಗದ ಮುಂದೆ ಇಂದಿಗೂ 1857 ಎಂದೇ ಇದೆ.