ಬೀಗ ಹಾಕುವ ಮುನ್ನ ಒಂದು ಪ್ರಶ್ನೆ

ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ. ಇಂಗ್ಲೆಂಡಿನ ಯಾವುದೋ ಊರಿನ ಒಂದು ಕೇರ್ ಹೋಂ. ಎಂದರೆ ವಯಸ್ಸಾದವರನ್ನೂ ಅಶಕ್ತರನ್ನೂ ಇರಿಸಿಕೊಂಡು ನೋಡಿಕೊಳ್ಳುವ ಮನೆ. ಅಲ್ಲಿ ಎಂಬತ್ತು ದಾಟಿದ, ಮರೆವಿನ ಕಾಯಿಲೆಯ ಒಬ್ಬ ಅಜ್ಜಿ. ಸಂಜೆ ನಾಲ್ಕು ಹೊಡೆಯುತ್ತಲೇ ಕೋಟು ತೊಟ್ಟು, ಕೈಚೀಲ ಹಿಡಿದು ಬಾಗಿಲ ಬಳಿ ಬಂದು ನಿಲ್ಲುತ್ತಾರೆ. ‘ನಾನು ಮನೆಗೆ ಹೋಗಬೇಕು’ ಎನ್ನುತ್ತಾರೆ. ಬಾಗಿಲಿಗೆ ಅಂಕಿ ಒತ್ತಿ ತೆರೆಯುವ ಬೀಗ. ಆ ಅಂಕಿ ಅಜ್ಜಿಗೆ ಗೊತ್ತಿಲ್ಲ, ಹೇಳಿಕೊಟ್ಟರೂ ನೆನಪಿರುವುದಿಲ್ಲ. ಹೊರಗೆ ಬಿಟ್ಟರೆ ವಾಹನಗಳ ಭಯ, ಚಳಿಯ ಭಯ, ದಾರಿ ತಪ್ಪುವ ಭಯ. ಒಳಗೇ ಇಟ್ಟರೆ?

ವಿದ್ಯಾರ್ಥಿ ಮಿತ್ರರೇ, ಬೀಗ ಹಾಕಿದ್ದೇ ಸರಿ ಎಂದು ನಮ್ಮಲ್ಲಿ ಬಹಳ ಮಂದಿ ಹೇಳಿಯೇವು. ಆದರೆ ಕಳ್ಳನನ್ನು ಕೂಡಿಹಾಕಲೂ ಕಾನೂನಿನ ಅಪ್ಪಣೆ ಬೇಕು. ಹಾಗಿರುವಾಗ ಯಾವ ತಪ್ಪನ್ನೂ ಮಾಡದ ಅಜ್ಜಿಯನ್ನು ಕೂಡಿಹಾಕಲು ಒಳ್ಳೆಯ ಉದ್ದೇಶವೊಂದಿದ್ದರೆ ಸಾಕೆ? ಈ ಪ್ರಶ್ನೆಗೆ ಉತ್ತರ ಹುಡುಕುವುದನ್ನೇ ಕೆಲಸವಾಗಿ ಮಾಡಿಕೊಂಡ ಸಮಾಜ ಕಾರ್ಯಕರ್ತರು ಅಲ್ಲಿದ್ದಾರೆ. ಅವರನ್ನು ‘ಬೆಸ್ಟ್ ಇಂಟರೆಸ್ಟ್ಸ್ ಅಸೆಸರ್’ ಎನ್ನುತ್ತಾರೆ. ನಾವು ‘ಹಿತ ಪರಿಶೀಲಕ’ ಎಂದು ಕರೆಯೋಣ.

ಈ ಕೆಲಸ ಹುಟ್ಟಿದ್ದರ ಹಿಂದೆ ಒಂದು ನೋವಿನ ಕಥೆಯಿದೆ. ಆಟಿಸಂ ಇದ್ದ, ಮಾತು ಬಾರದ ಒಬ್ಬ ವ್ಯಕ್ತಿ ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲೇ ಕಳೆದು, 1994ರಲ್ಲಿ ಒಂದು ಕುಟುಂಬದ ಆಶ್ರಯಕ್ಕೆ ಬಂದರು. ಆ ದಂಪತಿ ಅವರನ್ನು ಮನೆಯವರಂತೆಯೇ ನೋಡಿಕೊಂಡರು. 1997ರ ಜುಲೈನಲ್ಲಿ ಒಂದು ದಿನ, ಹಗಲು ಆರೈಕೆ ಕೇಂದ್ರದಲ್ಲಿದ್ದಾಗ ಅವರು ಕಳವಳಗೊಂಡು ತಲೆ ಚಚ್ಚಿಕೊಳ್ಳತೊಡಗಿದರು. ಮತ್ತೆ ಆಸ್ಪತ್ರೆಗೆ ಸೇರಿಸಲಾಯಿತು. ಸಾಕಿದವರು ನೋಡಲು ಬರುವುದನ್ನೂ ವೈದ್ಯರು ತಡೆದರು. ರೋಗಿ ಪ್ರತಿಭಟಿಸಲಿಲ್ಲ, ಆದ್ದರಿಂದ ಒಪ್ಪಿದ್ದಾರೆಂದೇ ಲೆಕ್ಕ! ಬಾಯಿಲ್ಲದವನ ಮೌನವನ್ನು ಸಮ್ಮತಿ ಎಂದು ಓದಲಾಯಿತು. ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವೂ 1998ರಲ್ಲಿ ಆಸ್ಪತ್ರೆಯ ಪರವಾಗಿಯೇ ತೀರ್ಪು ಕೊಟ್ಟಿತು. ಆದರೆ 2004ರ ಅಕ್ಟೋಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಇದು ಸ್ವಾತಂತ್ರ್ಯಹರಣ ಎಂದು ಸಾರಿತು. ಅದರ ಫಲವಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2009ರ ಏಪ್ರಿಲ್‌ನಿಂದ ಹೊಸ ಏರ್ಪಾಡು ಜಾರಿಗೆ ಬಂದಿತು.

ಇದರ ಪ್ರಕಾರ ಕೇರ್ ಹೋಂ ಅಥವಾ ಆಸ್ಪತ್ರೆ ಒಬ್ಬರನ್ನು ಹೀಗೆ ಇರಿಸಿಕೊಳ್ಳಬೇಕಾದರೆ ಆರು ಬಗೆಯ ಪರಿಶೀಲನೆ ನಡೆಯಬೇಕು. ಮಾನಸಿಕ ಸ್ಥಿತಿಯನ್ನು ವೈದ್ಯರು ನೋಡುತ್ತಾರೆ. ಹಿತವನ್ನು ನೋಡುವವರು ವೈದ್ಯರಲ್ಲ. ಸಮಾಜ ಕಾರ್ಯಕರ್ತರು, ದಾದಿಯರು ಮುಂತಾದವರು. ಆ ವ್ಯಕ್ತಿಯ ಆರೈಕೆಯಲ್ಲಿ ಅವರು ಕೈಜೋಡಿಸಿರಬಾರದು. ಅವರು ‘ಬೇಡ’ ಎಂದರೆ ಅನುಮತಿ ಸಿಗದು. ‘ಆಗಲಿ’ ಎಂದರೂ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಅನುಮತಿ ಇಲ್ಲ.

ಹಾಗಾದರೆ ಇನ್ನೊಬ್ಬರ ಹಿತವನ್ನು ಅಳೆಯುವುದು ಹೇಗೆ? ಇಲ್ಲಿ ನನಗೆ ನಮ್ಮ ಪ್ರಯೋಗಾಲಯದ ರೆಕಾರ್ಡ್ ಪುಸ್ತಕ ನೆನಪಾಗುತ್ತದೆ. ಅದರಲ್ಲಿ ವೀಕ್ಷಣೆಗೆ ಒಂದು ಕಾಲಂ, ನಿರ್ಣಯಕ್ಕೆ ಇನ್ನೊಂದು. ಎರಡನ್ನೂ ಬೆರೆಸಿದ ಹುಡುಗನಿಗೆ ಅಂಕ ಕಡಿಮೆ. ‘ಅಜ್ಜಿ ಹಠಮಾರಿ’ ಎಂದು ಸಿಬ್ಬಂದಿ ಬರೆದಿದ್ದರೆ ಅದು ನಿರ್ಣಯ. ‘ನಾಲ್ಕು ಗಂಟೆಗೆ ಬಾಗಿಲ ಬಳಿ ನಿಂತರು’ ಎಂಬುದು ವೀಕ್ಷಣೆ. ಪರಿಶೀಲಕ ಎರಡನೆಯದನ್ನು ಹಿಡಿದು ಹೊರಡುತ್ತಾನೆ. ನಾಲ್ಕೇ ಗಂಟೆಗೆ ಏಕೆ? ಮಗಳನ್ನು ಕೇಳುತ್ತಾನೆ, ಹಳೆಯ ನೆರೆಯವರನ್ನು ಕೇಳುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ಅಜ್ಜಿಯ ಪಕ್ಕದಲ್ಲಿ ಕುಳಿತು, ಚಿತ್ರ ತೋರಿಸಿಯಾದರೂ ಅವರನ್ನೇ ಕೇಳುತ್ತಾನೆ. ಆ ಹೊತ್ತಿಗೆ ಮಕ್ಕಳು ಶಾಲೆಯಿಂದ ಬರುತ್ತಿದ್ದರು, ಅವರನ್ನು ಕರೆತರಲು ಅಜ್ಜಿ ನಿತ್ಯ ನಡೆದು ಹೋಗುತ್ತಿದ್ದರು ಎಂಬುದು ಹೊರಬೀಳಬಹುದು. ಆಗ ಪರಿಶೀಲಕ ಒಂದು ಷರತ್ತನ್ನು ಸೂಚಿಸಬಹುದು: ಬೀಗ ಇರಲಿ, ಆದರೆ ದಿನಾ ಸಂಜೆ ಒಬ್ಬರು ಜೊತೆಗಿದ್ದು ಅಜ್ಜಿಯನ್ನು ಸುತ್ತಾಡಿಸಿಕೊಂಡು ಬರಲಿ.

2005ರ ಮಾನಸಿಕ ಸಾಮರ್ಥ್ಯ ಕಾಯಿದೆ ಈ ಕೆಲಸಕ್ಕೆ ತಳಹದಿ. ವಿಷಯವನ್ನು ಅರ್ಥ ಮಾಡಿಕೊಳ್ಳುವುದು, ನೆನಪಿಡುವುದು, ತೂಗಿ ನೋಡುವುದು, ಹೇಗಾದರೂ ತಿಳಿಸುವುದು – ಈ ನಾಲ್ಕೂ ಸಾಧ್ಯವಿದ್ದರೆ ನಿರ್ಧಾರ ಆ ವ್ಯಕ್ತಿಯದೇ. ಅವಿವೇಕದ ನಿರ್ಧಾರ ಕೈಗೊಂಡ ಮಾತ್ರಕ್ಕೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಸಾಮರ್ಥ್ಯವಿಲ್ಲದವರ ಹಿತವನ್ನು ನೋಡುವಾಗಲೂ ಅವರ ಹಿಂದಿನ ಇಷ್ಟ, ಈಗಿನ ಭಾವನೆ, ನಂಬಿಕೆಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ನಿರ್ಬಂಧ ಅಪಾಯಕ್ಕೆ ತಕ್ಕಷ್ಟಿರಬೇಕು, ಮೀರಬಾರದು.

ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆಂದು ಭಾವಿಸಬೇಡಿ. ಲಂಡನ್ನಿನ ಒಬ್ಬ ತಂದೆ ಆಟಿಸಂ ಇರುವ ಮಗನನ್ನು ಕೆಲವೇ ದಿನಗಳ ಮಟ್ಟಿಗೆಂದು ಆರೈಕೆಗೆ ಬಿಟ್ಟರು. ಅಧಿಕಾರಿಗಳು 2010ರ ಹೆಚ್ಚುಕಡಿಮೆ ಇಡೀ ವರ್ಷ ಅವನನ್ನು ಮನೆಗೆ ಕಳಿಸಲಿಲ್ಲ. ಹಿತದ ವರದಿಗಳನ್ನು ಅವರು ಸರಿಯಾಗಿ ಪರಿಶೀಲಿಸಲೇ ಇಲ್ಲವೆಂದು 2011ರಲ್ಲಿ ನ್ಯಾಯಾಲಯ ಛೀಮಾರಿ ಹಾಕಿತು. ಮುಂದೆ 2014ರಲ್ಲಿ ಸುಪ್ರೀಂ ಕೋರ್ಟು, ಸೌಕರ್ಯ ಎಷ್ಟೇ ಚೆನ್ನಾಗಿದ್ದರೂ ಸದಾ ಕಾವಲಿದ್ದು ಹೊರಡುವ ಸ್ವಾತಂತ್ರ್ಯ ಇಲ್ಲದಿದ್ದರೆ ಅದು ಬಂಧನವೇ ಎಂದಿತು. ಇಂಗ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 13 ಸಾವಿರವಿದ್ದ ಅರ್ಜಿಗಳು ಮರುವರ್ಷವೇ 1 ಲಕ್ಷ 37 ಸಾವಿರ ದಾಟಿದವು! 21 ದಿನಗಳಲ್ಲಿ ಮುಗಿಯಬೇಕಾದ ಕೆಲಸ ಎಷ್ಟೋ ಕಡೆ ತಿಂಗಳುಗಟ್ಟಲೆ ಹಿಂದೆ ಬಿದ್ದಿತು. ಹೀಗೆ ಕಾದವರು ಅನುಮತಿಯಿಲ್ಲದ ಬೀಗದ ಒಳಗೇ ಕಾದರು ಎಂಬುದನ್ನು ಮರೆಯುವಂತಿಲ್ಲ.

ನಮ್ಮ ದೇಶದಲ್ಲಿ ಈ ಹುದ್ದೆ ಇಲ್ಲ. ಆದರೆ ಪ್ರಶ್ನೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮೊದಲಾದ ತೊಂದರೆಗಳಿರುವ ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ, 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸಬಹುದು. ಆ ಸಮಿತಿಯೂ ಮೊದಲು ನೋಡಬೇಕಾದದ್ದು, ಪೋಷಕರ ಅಗತ್ಯವಿದೆಯೇ, ಇದ್ದರೆ ಯಾವುದಕ್ಕೆ ಎಂಬುದನ್ನೇ.

ಇಂಥ ಕೆಲಸದತ್ತ ಒಲವಿರುವ ವಿದ್ಯಾರ್ಥಿಗಳಿಗೆ ಎಂ.ಎಸ್.ಡಬ್ಲ್ಯೂ. ಓದಿನ ದಾರಿಯಿದೆ, ಬಿ.ಎಸ್‌ಸಿ. ಆದವರೂ ಸೇರಬಹುದು. ಮಂಗಳೂರಿನ ರೋಶನಿ ನಿಲಯ 1960ರಲ್ಲೇ ಆರಂಭವಾದ ಸಮಾಜಕಾರ್ಯ ಶಾಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಅನುಕಂಪ ಬೇಕು, ನಿಜ. ಅದರ ಜೊತೆಗೆ ತಾಳ್ಮೆಯಿಂದ ಕೇಳುವ ಕಿವಿ, ಸ್ಪಷ್ಟವಾಗಿ ಬರೆಯುವ ಕೈ, ಎಲ್ಲರೂ ‘ಹೂಂ’ ಎನ್ನುವಾಗ ‘ಉಹೂಂ’ ಎನ್ನುವ ಧೈರ್ಯವೂ ಬೇಕು.

ಕೊನೆಗೆ ತಂದೆತಾಯಿಗಳಿಗೊಂದು ಮಾತು. ‘ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ’ ಎಂಬುದು ನಮ್ಮೆಲ್ಲರ ನಾಲಿಗೆಯ ತುದಿಯಲ್ಲಿರುವ ಮಾತು. ತರಗತಿಯಲ್ಲಿ ನಾನೂ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಎದುರಿಗಿದ್ದವನನ್ನು ಕೂರಿಸಿಕೊಂಡು ‘ನಿನಗೆ ಏನು ಬೇಕು?’ ಎಂದು ಕೇಳಿದ್ದು ಕಡಿಮೆ. ನಿಮ್ಮ ಮನೆಯಲ್ಲಿ ಮರೆವಿನ ಅಜ್ಜನೋ ಅಜ್ಜಿಯೋ ಇದ್ದರೆ ಇಂದು ಸಂಜೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಕೇಳಿ ನೋಡಿ. ಉತ್ತರ ಬರುವುದು ತಡವಾದೀತು, ಕಾಯಿರಿ.